ಹಳೇ ಫೋನಿಗೆ ಹೊಸ ಬ್ಯಾಟರಿ

ಅಕ್ಟೋಬರ್ 3, ಸೋಮವಾರ

ಇವತ್ತು ಮತ್ತೆ ಫೋನು ಸತ್ತಿತು. ನಲವತ್ತು ಪರ್ಸೆಂಟ್ ತೋರಿಸುತ್ತಿತ್ತು. ಮೀನಿನವನ ಮುಂದೆ ನಿಂತು, ಯಾವುದು ತರಲಿ ಎಂದು ತಂಗಿ ಇನ್ಶಿರಾಳನ್ನು ಕೇಳುತ್ತಿದ್ದೆ. "ಬೂರಿ ತಗೋ ಅಣ್ಣಾ, ಆದ್ರೆ..." ಎಂದಳು. ಆಮೇಲೆ ಕತ್ತಲು. ಆ 'ಆದ್ರೆ' ಏನಿರಬಹುದು ಎಂದು ಯೋಚಿಸುತ್ತಲೇ ಬೂರಿ ಮೀನು ತಂದೆ. 'ಆದ್ರೆ ಆ ಮೂಲೆಯವನ ಹತ್ರ ಮಾತ್ರ ಬೇಡ' ಎಂಬುದಾಗಿತ್ತಂತೆ. ನಾನು ತಂದದ್ದು ಮೂಲೆಯವನ ಹತ್ತಿರವೇ. ಮನೆಯಲ್ಲಿ ಇನ್ನೂ ವಾಸನೆ ಇದೆ.

ಇಂಥವನ್ನೆಲ್ಲ ಇದುವರೆಗೆ ಫೋನಿನಲ್ಲೇ ಬರೆದಿಟ್ಟುಕೊಳ್ಳುತ್ತಿದ್ದೆ. ಬರೆಯುವ ಅರ್ಧಕ್ಕೇ ಅದು ಕಣ್ಣು ಮುಚ್ಚುವುದರಿಂದ ಇನ್ನು ಮೇಲೆ ಕಾಗದವೇ ಗತಿ.

ಕೆಳಗಿನ ಮಹಡಿಯಿಂದ ಇನ್ಶಿರಾ ಹತ್ತಿ ಬಂದು ಎಂದಿನ ಪಾಠ ಒಪ್ಪಿಸಿದಳು. "ಹೊಸ ಫೋನ್ ತಗೋ ಅಣ್ಣಾ. ಊರಲ್ಲಿ ಕತ್ತೆಗಾಡಿ ಹೊಡೆಯೋನ ಹತ್ರಾನೂ ನಿನ್ನದಕ್ಕಿಂತ ಒಳ್ಳೇದಿದೆ."

ನಾನು ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ನನಗಿಂತ ವಯಸ್ಸಾದ ಟ್ರಾಮುಗಳನ್ನು ಓಡಿಸಿದ್ದೇವೆ. ಬ್ರೇಕು ಹೋದರೆ ಬ್ರೇಕು ಹಾಕಿದೆವು, ಸೀಟು ಹರಿದರೆ ಸೀಟು ಹೊಲಿಸಿದೆವು. ಟ್ರಾಮನ್ನೇ ಎಸೆಯೋಣ ಎಂದವನನ್ನು ನಾನು ಕಂಡಿಲ್ಲ. ಬ್ಯಾಟರಿ ಸೋತಿದ್ದರೆ ಬ್ಯಾಟರಿ ಬದಲಾಯಿಸಬೇಕು. ಅಷ್ಟೆ. ಇದನ್ನು ಇನ್ಶಿರಾಳಿಗೆ ಹೇಳಿದೆ.

"ಅದಕ್ಕೇ ನಿನಗೆ ಇನ್ನೂ ಮದುವೆ ಆಗಿಲ್ಲ" ಎಂದಳು. ಎರಡಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ.

ಅಕ್ಟೋಬರ್ 6, ಗುರುವಾರ

ಮನೆ ಹತ್ತಿ ಉರಿಯುತ್ತಿದೆ. ಕಾರಣ ನಾನಂತೆ. ಅಲ್ಲ, ಬ್ಯಾಟರಿ.

ಇನ್ಶಿರಾಳ ಮಗಳು ಹನೀನ್‌ಗೆ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ಬಾಸಿಮ್. ಒಳ್ಳೆಯ ಹುಡುಗ, ಆದರೆ ಸ್ಮೂಹಾದಲ್ಲಿ ಹೊಸ ಫೋನುಗಳ ಅಂಗಡಿ ಇಟ್ಟಿದ್ದಾನೆ. ಯಾರಲ್ಲೇ ಆದರೂ ಒಂದು ಕುಂದು ಇದ್ದೇ ಇರುತ್ತದೆ. ಹನೀನ್‌ಳ ತಂದೆ ತೀರಿಕೊಂಡಿರುವುದರಿಂದ ನಮ್ಮ ಕಡೆಯ ಹಿರಿಯ ನಾನು. ಹುಡುಗನಿಗೂ ತಂದೆತಾಯಿ ಇಲ್ಲ. ಸಾಕಿದವರು ಅವನ ಸೋದರತ್ತೆ, ಸಫಿನಾಝ್ ಎಂಬವರು. ಇವತ್ತು ಅವರೇ ನನಗೆ ಫೋನ್ ಮಾಡಿದರು.

"ನಮ್ಮ ಬಾಸಿಮ್ ನಿಮಗೆ ಇಷ್ಟ ಇಲ್ಲ ಅಂತ ನಿಮ್ಮ ಕಟ್ಟಡದಲ್ಲೇ ಯಾರೋ ಆಡ್ಕೊಳ್ತಿದ್ದಾರಂತಲ್ಲ. ನಿಜವಾ?"

ನನಗೆ ಸಿಟ್ಟು ಬಂತು. ಎದ್ದು ನಿಂತು, ಕೈ ಎತ್ತಿ, ಜೋರಾಗಿ ಹೇಳಿದೆ: "ಮೇಡಂ, ಈ ಹುಡುಗ ನಮಗೆ ಬೇಡವೇ ಬೇಡ ಅಂತ ಹೇಳಿದವನು ಯಾವನು? ಅವನ ನಾಲಿಗೆಗೆ ಹುಳ ಬೀಳ!"

ಅಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಮಾತಾಡಿದ್ದಿಲ್ಲ. ಆದರೆ ಫೋನು 'ಬೇಡವೇ ಬೇಡ' ಎಂಬಲ್ಲಿಗೇ ಕಣ್ಣು ಮುಚ್ಚಿತ್ತು. ಉಳಿದದ್ದನ್ನು ಕೇಳಿದ್ದು ಗೋಡೆ.

ಚಾರ್ಜಿಗೆ ಹಾಕಿ ಅದು ಎಚ್ಚರಗೊಳ್ಳುವಷ್ಟರಲ್ಲಿ ಸಫಿನಾಝ್ ಅವರು ಇನ್ಶಿರಾಳಿಗೆ ಫೋನ್ ಮಾಡಿಯಾಗಿತ್ತು. ಕೆಳಗಿನಿಂದ ಮೊದಲು ಪಾತ್ರೆ ಬಿದ್ದ ಸದ್ದು, ಆಮೇಲೆ ಹನೀನ್ ಅಳು, ಆಮೇಲೆ ಮೆಟ್ಟಿಲ ಮೇಲೆ ಇನ್ಶಿರಾಳ ಚಪ್ಪಲಿ.

"ಬೇಡವೇ ಬೇಡ ಅಂದ್ಯಂತೆ! ಒಂದು ಸಲ ಅಲ್ಲ, ಎರಡು ಸಲ ಬೇಡ!"

"ಪೂರ್ತಿ ಕೇಳೇ..."

"ಅವರು ಕೇಳಿದ್ದಷ್ಟೇ ಪೂರ್ತಿ!"

ಅಕ್ಟೋಬರ್ 8, ಶನಿವಾರ

ಬಸ್ಬೂಸಾ ಎಂಬ ರವೆಯ ಸಿಹಿಯ ದೊಡ್ಡ ಡಬ್ಬಿ ಹಿಡಿದು ರುಶ್ದಿ ಟ್ರಾಮ್ ಸ್ಟಾಪಿನ ಹತ್ತಿರವಿರುವ ಸಫಿನಾಝ್ ಅವರ ಮನೆಗೆ ಹೋದೆವು. ಆಕೆ ಬಂದರಿನ ಕಸ್ಟಮ್ಸಿನಲ್ಲಿ ಕೆಲಸ ಮಾಡಿದವರು. ಬಸ್ಬೂಸಾ ಡಬ್ಬಿಯನ್ನೂ ಅದರ ತಳದಲ್ಲಿ ಏನೋ ಬಚ್ಚಿಟ್ಟಂತೆ ಒಂದು ಸಲ ತಿರುಗಿಸಿ ನೋಡಿಯೇ ಒಳಗೆ ಬಿಟ್ಟುಕೊಂಡರು. ಆಮೇಲೆ ನನ್ನನ್ನೂ ಹಾಗೇ ನೋಡಿದರು.

ಬ್ಯಾಟರಿಯ ವಿಷಯ ಹೇಳಿದೆ.

"ಗಂಡಸರ ಬ್ಯಾಟರಿ ಯಾವಾಗಲೂ ಸರಿಯಾದ ಹೊತ್ತಿಗೇ ಮುಗಿಯುತ್ತೆ, ಶಫೀಕ್ ಸಾಹೇಬ್ರೇ" ಎಂದರು. "ಫೋನ್ ಮೇಜಿನ ಮೇಲಿಡಿ. ಸಾಯಲಿ, ನೋಡೋಣ."

ಇಟ್ಟೆ. ಎಲ್ಲರೂ ಸುತ್ತ ಕೂತು ಅದು ಸಾಯುವುದನ್ನೇ ಕಾಯತೊಡಗಿದೆವು. ಟೀ ಬಂತು. ಮತ್ತೆ ಟೀ ಬಂತು. ಆ ದರಿದ್ರದ್ದು ಸಾಯಲಿಲ್ಲ! ಇನ್ಶಿರಾ ಎದುರಿಗೇ ಕೂತು ನನಗೆ ಫೋನ್ ಮಾಡಿ ಮಾತಾಡಿಸಿದಳು. ಗಂಟೆ ಬಾರಿಸಿದಂತೆ ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು.

ಪಾಪ, ಬಾಸಿಮ್ ನನ್ನನ್ನು ಉಳಿಸಲು ನೋಡಿದ. "ಹೋಗ್ಲಿ ಬಿಡಿ ಅತ್ತೆ. ಮಾಮ, ನಮ್ಮ ಅಂಗಡಿಯಿಂದ ಹೊಸ ಫೋನ್ ಕೊಡ್ತೀನಿ, ಹಳೇದನ್ನ ಬಿಸಾಕಿ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಅಲ್ಲಪ್ಪ, ಹಲ್ಲು ನೋವಾದ್ರೆ ನೀನು ಹಲ್ಲು ತೆಗೆಸ್ತೀಯೋ, ತಲೆ ಬದಲಾಯಿಸ್ತೀಯೋ?"

ಇನ್ಶಿರಾ ಕಣ್ಣು ಮುಚ್ಚಿಕೊಂಡಳು. ಆದರೆ ಸಫಿನಾಝ್ ಅವರು ಒಳಗೆ ಹೋಗಿ ತಮ್ಮ ಫೋನು ತಂದು ನನ್ನದರ ಪಕ್ಕದಲ್ಲಿಟ್ಟರು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಾಯಿ ಬಿಟ್ಟಿತ್ತು. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದರು. "ಇವನೂ ವರ್ಷದಿಂದ ನನ್ನ ತಲೆ ಬದಲಾಯಿಸೋಕೆ ನೋಡ್ತಿದ್ದಾನೆ" ಎಂದು ಬಾಸಿಮ್‌ನತ್ತ ಗದ್ದ ಎತ್ತಿ ತೋರಿಸಿದರು.

ಸಂಬಂಧ ಉಳಿಯಿತು. ನವೆಂಬರ್ ನಾಲ್ಕಕ್ಕೆ ಫಾತಿಹಾ ಓದಿ ನಿಶ್ಚಯ ಮಾಡುವುದು. ಅವರದೊಂದೇ ಷರತ್ತು: ಅಷ್ಟರೊಳಗೆ ನಾನು ಬ್ಯಾಟರಿ ಬದಲಾಯಿಸಿರಬೇಕು. ಅರ್ಧ ಮಾತಿನವರ ಜೊತೆ ಮದುವೆ ಮಾತಾಡುವುದಿಲ್ಲವಂತೆ.

ಆಕೆಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಹಸಿರು ಚೌಕಟ್ಟಿನ ಕನ್ನಡಕ. ಹಸಿರೆಂದರೆ ಪಿಸ್ತಾ ಹಸಿರು. ಮಾತಿಗೆ ಮೊದಲು ಎಡಗಡೆಯ ಹುಬ್ಬು ಮೇಲೇರುತ್ತದೆ.

ಅಕ್ಟೋಬರ್ 10, ಸೋಮವಾರ

ಮನ್ಶಿಯಾ ಮಾರ್ಕೆಟ್ಟಿಗೆ ಹೋದೆ. ಫೋನ್ ರಿಪೇರಿಯ ಹಿಲ್ಮಿ ಮೇಸ್ತ್ರಿ, ಕೂದಲು ಒಣಗಿಸುವ ಯಂತ್ರದಿಂದ ಫೋನಿಗೆ ಬಿಸಿಗಾಳಿ ಊದುತ್ತಾ ಕೇಳಿದ: "ಯಾವುದು ಹಾಕ್ಲಿ ಸಾಹೇಬ್ರೇ? ಒರಿಜಿನಲ್ ಇದೆ, ಒರಿಜಿನಲ್ ತರಾದ್ದಿದೆ, ಒರಿಜಿನಲ್‌ನ ತಮ್ಮ ಇದೆ."

"ವ್ಯತ್ಯಾಸ ಏನು?"

"ಒರಿಜಿನಲ್ ಸದ್ಯಕ್ಕೆ ಇಲ್ಲ. ಒರಿಜಿನಲ್ ತರಾದ್ದು ನಿನ್ನೆ ಮುಗೀತು."

ತಮ್ಮನನ್ನೇ ಹಾಕಿಸಿಕೊಂಡು ಬಂದೆ.

ಅಕ್ಟೋಬರ್ 12, ಬುಧವಾರ

ಅದ್ಭುತ! ನಿನ್ನೆ ಬೆಳಿಗ್ಗೆ ನೂರು ಪರ್ಸೆಂಟ್. ನಿನ್ನೆ ಸಂಜೆ ನೂರು. ಇವತ್ತೂ ನೂರು. ಇನ್ಶಿರಾಳಿಗೆ ತೋರಿಸಿದೆ, ಹನೀನ್‌ಗೆ ತೋರಿಸಿದೆ, ಕಟ್ಟಡದ ಕಾವಲುಗಾರನಿಗೂ ತೋರಿಸಿದೆ. ಷರತ್ತು ಪೂರೈಸಿದ್ದನ್ನು ತಿಳಿಸುವುದು ನನ್ನ ಕರ್ತವ್ಯ ಎನ್ನಿಸಿ ಸಫಿನಾಝ್ ಅವರಿಗೆ ಫೋನ್ ಮಾಡಿದೆ.

"ಮೇಡಂ, ಒಂದು ಮಾತು ಖಂಡಿತವಾಗಿ ಹೇಳ್ತೀನಿ. ಇನ್ನು ಮೇಲೆ ನನ್ನ ಫೋನು ಯಾವತ್ತೂ..."

ನೂರು ಪರ್ಸೆಂಟಿನಲ್ಲೇ ಸತ್ತಿತು.

ಫೋನು ಎದ್ದ ಮೇಲೆ ನೋಡಿದರೆ ಆಕೆಯ ಸಂದೇಶ ಬಂದಿತ್ತು: "ಯಾವತ್ತೂ ಏನು?"

ಅಕ್ಟೋಬರ್ 13, ಗುರುವಾರ

ಆಕೆಯೇ ಫೋನ್ ಮಾಡಿದರು. ಮೊದಲು ಬಹಳ ಹೊತ್ತು ನಕ್ಕರು. ಆಮೇಲೆ, ತಮ್ಮದಕ್ಕೂ ಬ್ಯಾಟರಿ ಬೇಕು, ಇಬ್ಬರು ಒಟ್ಟಿಗೆ ಹೋದರೆ ಮೋಸ ಮಾಡುವುದು ಕಷ್ಟ ಎಂದರು. ಸರಿಯಾದ ಮಾತು.

ನನ್ನ ಕಂದು ಕೋಟಿನ ಗುಂಡಿ ಹೋಗಿದೆ. ಇನ್ಶಿರಾಳಿಗೆ ಹೊಲಿಯಲು ಕೊಟ್ಟೆ. "ಹೋದ ಚಳಿಗಾಲದಿಂದ ಹೊಲೀತೀನಿ ಅಂದ್ರೆ ಬೇಡ ಅಂತಿದ್ದೆ" ಎಂದಳು. ಇವಳಿಗೆ ಎಲ್ಲವೂ ವಿಚಾರಣೆ.

ಅಕ್ಟೋಬರ್ 16, ಭಾನುವಾರ

ಇಬ್ಬರೂ ಟ್ರಾಮಿನಲ್ಲಿ ಹೋದೆವು. ಆಕೆ ಕಿಟಕಿಯ ಕಡೆ ಕೂತರು. ಟ್ರಾಮಿನ ಬ್ರೇಕಿನ ಬಗ್ಗೆ, ಚಕ್ರ ಜಾರದಂತೆ ಹಳಿಗೆ ಮರಳು ಸುರಿಸುವ ಪೆಟ್ಟಿಗೆಯ ಬಗ್ಗೆ ಹೇಳುತ್ತಾ ಹೋದೆ. ಯಾರೂ ಇಷ್ಟು ದೂರದವರೆಗೆ ಅದನ್ನು ಕೇಳಿದ್ದಿಲ್ಲ. ಇಳಿಯುವಾಗ, "ಮರಳಿನ ಪೆಟ್ಟಿಗೆ ವಿಷಯ ಅರ್ಧಕ್ಕೆ ನಿಲ್ಲಿಸಿದ್ರಿ" ಎಂದು ನೆನಪಿಸಿದರು.

ಹಿಲ್ಮಿ ಮೇಸ್ತ್ರಿಯ ಅಂಗಡಿಯಲ್ಲಿ ನಾನು ಬಾಯಿ ತೆರೆಯುವ ಅಗತ್ಯವೇ ಬರಲಿಲ್ಲ. ಆಕೆ ಕನ್ನಡಕ ಸರಿಮಾಡಿಕೊಂಡು ಬ್ಯಾಟರಿ ಕೈಗೆತ್ತಿಕೊಂಡರು. ಉಗುರಿನಿಂದ ಚೀಟಿ ಎಬ್ಬಿಸಿದರು. ಅದರ ಕೆಳಗೊಂದು ಚೀಟಿ. ಅದನ್ನೂ ಎಬ್ಬಿಸಿದರು. ಅದರ ಕೆಳಗೆ ಮತ್ತೊಂದು, ಅದರಲ್ಲಿ ಬೇರೆಯೇ ಕಂಪನಿ, ಬೇರೆಯೇ ವರ್ಷ.

"ಏನಪ್ಪಾ ಇದು? ಬ್ಯಾಟರಿನೋ ಈರುಳ್ಳಿನೋ?"

"ಹಾಜ್ಜಾ, ನೀವು ಒಳ್ಳೇ ಹಾಜ್ಜಾ, ಅದು ನನಗೆ ಬಂದಿದ್ದೇ ಹಂಗೆ..."

"ನಾನು ಇನ್ನೂ ಹಜ್‌ಗೆ ಹೋಗಿಲ್ಲ. ಹೋಗೋಕೆ ಮುಂಚೆ ನಿನ್ನ ಪಾಪ ನನಗೆ ಅಂಟಿಸಬೇಡ. ಕೆಳಗಿನ ಡ್ರಾಯರ್ ತೆಗಿ."

"ಅದರಲ್ಲಿ ನನ್ನ ಊಟ ಇದೆ ಹಾಜ್ಜಾ!"

"ತೆಗಿ."

ನಿಜಕ್ಕೂ ಊಟವೇ ಇತ್ತು. ಆದರೂ ಮೇಸ್ತ್ರಿ ಬೆವೆತುಹೋದ. ಕೈರೋದಿಂದ ಇಬ್ಬರಿಗೂ ಅಸಲಿ ಬ್ಯಾಟರಿ ತರಿಸಿಕೊಡುವುದಾಗಿ ತಾಯಿಯ ಮೇಲೆ ಆಣೆ ಹಾಕಿದ.

ಆಮೇಲೆ ಲಿವರ್ ಸ್ಯಾಂಡ್‌ವಿಚ್ ತಿಂದೆವು. ಆಕೆ ಹಸಿಮೆಣಸು ಕಚ್ಚಿ ಕಣ್ಣೀರು ಸುರಿಸುತ್ತಾ, ಖಾರವೇ ಇಲ್ಲ ಎಂದು ವಾದಿಸಿದರು. ಕರವಸ್ತ್ರ ಕೊಟ್ಟೆ. ವಾಪಸು ಕೊಡಲಿಲ್ಲ. ಒಗೆದು ಕೊಡುತ್ತಾರಂತೆ.

ಅಕ್ಟೋಬರ್ 20, ಗುರುವಾರ

ಮನೆಯಲ್ಲಿ ಪಿತೂರಿ ನಡೆದಿದೆ. ಇನ್ಶಿರಾ ನಿನ್ನೆ ಬಾಸಿಮ್ ಅಂಗಡಿಯಿಂದ ನನಗೊಂದು ಹೊಸ ಫೋನು ತಂದಿದ್ದಾಳೆ! ಮುಖ ನೋಡಿ ಬೀಗ ತೆರೆಯುವ ಫೋನಂತೆ. ನಾನು ಬೇಡ ಎಂದು ನನ್ನ ಹಳೇ ಫೋನಿನತ್ತ ತಿರುಗುತ್ತಿದ್ದಂತೆಯೇ ಹನೀನ್ ಅದನ್ನು ನನ್ನ ಮುಖಕ್ಕೆ ಹಿಡಿದು ಗುರುತು ಮಾಡಿಸಿಬಿಟ್ಟಳು.

ಒಂದು ದಿನ ಇಟ್ಟುಕೊಂಡು ನೋಡೋಣ ಎಂದುಕೊಂಡೆ. ಅದು ನನ್ನನ್ನು ಒಳಗೇ ಬಿಡುವುದಿಲ್ಲ. ಬೆಳಿಗ್ಗೆ ನೋಡಿದೆ, ಬಿಡಲಿಲ್ಲ. ಟೋಪಿ ತೆಗೆದೆ, ಬಿಡಲಿಲ್ಲ. ಗಡ್ಡ ಬೋಳಿಸಿಕೊಂಡು ಬಂದೆ, ಬಿಡಲಿಲ್ಲ. ನನ್ನದೇ ಫೋನಿನ ಮುಂದೆ ಭಿಕ್ಷುಕನಂತೆ ನಿಂತಿದ್ದೆ.

ಹನೀನ್ ಬಂದು ನೋಡಿದಳು. "ಮಾಮ, ಸ್ವಲ್ಪ ನಗಿ. ಅದಕ್ಕೆ ನಿಮ್ಮ ನಗೋ ಮುಖಾನೇ ಗೊತ್ತಿರೋದು."

"ನಾನು ಯಾವಾಗ ನಕ್ಕೆ?"

"ಗುರುತು ಮಾಡಿಸೋವಾಗ. ಸಫಿನಾಝ್ ಆಂಟಿ ಕಳಿಸಿದ ಮೆಸೇಜ್ ಓದ್ತಾ ಇದ್ರಿ ನೀವು."

ಅದು ಬ್ಯಾಟರಿಯ ಬಗ್ಗೆ ಬಂದ ಮೆಸೇಜು. ಹಾಗೆಂದು ಹೇಳಿದೆ. ಹನೀನ್ ಮತ್ತು ಇನ್ಶಿರಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೋನನ್ನು ವಾಪಸು ಕಳಿಸಿದೆ. ಬೀಗ ತೆಗೆಯಲು ಹಲ್ಲು ಕಿರಿಯಬೇಕಾದ ವಸ್ತು ನನಗೆ ಬೇಡ.

ಅಕ್ಟೋಬರ್ 27, ಗುರುವಾರ

ಕೈರೋದಿಂದ ಬ್ಯಾಟರಿಗಳು ಬಂದವು. ಸಫಿನಾಝ್ ಅವರು ಉಗುರು ಹಾಕಿ ನೋಡಿದರು. ಚೀಟಿಯ ಕೆಳಗೆ ಚೀಟಿ ಇರಲಿಲ್ಲ. ಇಬ್ಬರ ಫೋನಿಗೂ ಹಾಕಿಸಿದೆವು. ಆಕೆ ಆ ರಬ್ಬರ್ ಬ್ಯಾಂಡನ್ನು ಮೇಸ್ತ್ರಿಗೇ ಕಾಣಿಕೆ ಕೊಟ್ಟರು.

ಅಕ್ಟೋಬರ್ 30, ಭಾನುವಾರ

ಫೋನು ಕುದುರೆಯಂತಿದೆ. ಏನೂ ತೊಂದರೆಯಿಲ್ಲ. ಏಕೋ ಬೇಜಾರು.

ತೊಂದರೆಯಿಲ್ಲ ಎಂದು ತಿಳಿಸಲು ಸಫಿನಾಝ್ ಅವರಿಗೆ ಫೋನ್ ಮಾಡಿದೆ. ಅವರಿಗೂ ತೊಂದರೆಯಿಲ್ಲವಂತೆ. ಹೀಗೆ ತೊಂದರೆಯಿಲ್ಲದಿರುವ ಬಗ್ಗೆ ಮಾತಾಡುತ್ತಾ ಒಲೆಯ ಮೇಲಿಟ್ಟ ಹುರುಳಿಕಾಯಿ ಸೀದು, ಕಾವಲುಗಾರ ಬಾಗಿಲು ಬಡಿದು, ಹೊಗೆ ನೋಡಿ ನೀರು ತಂದು ಸುರಿದ. ಅಷ್ಟಾದರೂ ಬ್ಯಾಟರಿ ಅರವತ್ತರಲ್ಲೇ ಇತ್ತು. ಒಳ್ಳೆಯ ಮಾಲು.

ನವೆಂಬರ್ 4, ಶುಕ್ರವಾರ

ಫಾತಿಹಾ ಓದಿ ಆಯಿತು. ಹನೀನ್‌ಳ ಮುಖ ನೋಡಬೇಕಿತ್ತು! ಬಾಸಿಮ್ ನನ್ನ ಕೈ ಕುಲುಕಿ, "ಮಾಮ, ಈಗ ಪೂರ್ತಿ ಹೇಳಿ. ಈ ಹುಡುಗ ಬೇಕೋ ಬೇಡವೋ?" ಎಂದ. "ಬೇಕು" ಎಂದೆ, ಒಂದೇ ಪದದಲ್ಲಿ, ಅಪಾಯವಾಗದಂತೆ.

ಅನಾಹುತ ಆಮೇಲೆ ಆಯಿತು. ಸಫಿನಾಝ್ ಅವರು ಒಂದು ಕೈಯಲ್ಲಿ ಫೋನು ಹಿಡಿದು ಫೋಟೋ ತೆಗೆಯುತ್ತಾ, ಇನ್ನೊಂದು ಕೈ ಬಾಯಿಗಿಟ್ಟು 'ಲೂಲೂಲೂ' ಎಂದು ಹರ್ಷದ ಕೂಗು ಹಾಕಿದರು. ಕೂಗು ತಾರಕಕ್ಕೆ ಹೋಯಿತು, ಫೋನು ಗುಲಾಬಿ ಶರಬತ್ತಿನ ಪಾತ್ರೆಗೆ ಹೋಯಿತು. ನಾನು ತೋಳು ಮಡಚದೆ ಕೈ ಹಾಕಿದೆ. ಕಂದು ಕೋಟಿನ ತೋಳು ಈಗ ಗುಲಾಬಿ.

ನವೆಂಬರ್ 6, ಭಾನುವಾರ

ಹಿಲ್ಮಿ ಮೇಸ್ತ್ರಿ ಫೋನು ಬಿಚ್ಚಿ ನೋಡಿ, ಟೋಪಿ ತೆಗೆದ. "ಬ್ಯಾಟರಿ ಚೆನ್ನಾಗಿದೆ ಹಾಜ್ಜಾ. ಹೋಗಿರೋದು ಉಳಿದಿದ್ದೆಲ್ಲಾ. ಸಕ್ಕರೆ ನೋಡಿ, ಒಳಗೆಲ್ಲ ಅಂಟಿದೆ."

ಆಕೆ ಸತ್ತ ಫೋನನ್ನು ಕೈಚೀಲಕ್ಕೆ ಹಾಕಿಕೊಂಡು ಟ್ರಾಮು ಹತ್ತಿದರು. ಹೊಸದು ಕೊಡುತ್ತೇನೆಂದ ಬಾಸಿಮ್‌ಗೆ, "ಸ್ವಲ್ಪ ದಿನ ಫೋನೇ ಇಲ್ಲದೆ ಇರ್ತೀನಿ, ಯಾರು ಸಾಯ್ತಾರೆ ನೋಡೋಣ" ಎಂದರಂತೆ.

ನವೆಂಬರ್ 9, ಬುಧವಾರ

ಯಾರೂ ಸತ್ತಿಲ್ಲ. ನನ್ನ ಫೋನು ತೊಂಬತ್ತು ಪರ್ಸೆಂಟ್. ಮಾಡಲು ಯಾರೂ ಇಲ್ಲ.

ನವೆಂಬರ್ 10, ಗುರುವಾರ

ತೊಂಬತ್ತು.

ನವೆಂಬರ್ 12, ಶನಿವಾರ

ಬಾಸಿಮ್ ಅಂಗಡಿಗೆ ಹೋದೆ. ನನ್ನನ್ನು ಕಂಡು ಅವನು ಕುರ್ಚಿಯಿಂದ ಜಿಗಿದೆದ್ದ. "ಮಾಮ! ಕೊನೆಗೂ ಹೊಸ ಫೋನಾ?"

"ನನಗಲ್ಲ."

"ಮತ್ಯಾರಿಗೆ?"

"ನಿನ್ನ ಅತ್ತೆಗೆ."

ಅವನು ಗಾಜಿನ ಮೇಲೆ ಒರೆಸುತ್ತಿದ್ದ ಬಟ್ಟೆ ಅಲ್ಲೇ ನಿಂತಿತು. "ನಾನು ಕೊಟ್ಟಿದ್ದನ್ನೆಲ್ಲ ವಾಪಸ್ ಎಸ್ದಿದ್ದಾರೆ ಮಾಮ. ನೀವು ಕೊಟ್ಟು ನೋಡಿ. ಬಿದ್ರೆ ಈ ಸಲ ನಿಮ್ಮ ಮೇಲೇ ಬೀಳಲಿ" ಎಂದ. ಯಾಕೋ ತುಂಬಾ ಖುಷಿಯಾಗಿದ್ದ. ಪಿಸ್ತಾ ಹಸಿರಿನ ಕವಚ ಇದೆಯೇ ಎಂದು ಕೇಳಿದಾಗಲಂತೂ ಕೌಂಟರಿನ ಕೆಳಗೆ ಬಗ್ಗಿ ಕೂತುಬಿಟ್ಟ, ಹುಡುಕುತ್ತಿದ್ದನೋ ನಗುತ್ತಿದ್ದನೋ.

ನಾನು ತತ್ವ ಬಿಟ್ಟಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ. ಬ್ರೇಕು ಹೋದ ಟ್ರಾಮು ಬೇರೆ, ಶರಬತ್ತಿಗೆ ಬಿದ್ದ ಟ್ರಾಮು ಬೇರೆ.

ನವೆಂಬರ್ 16, ಬುಧವಾರ

ಪ್ರತಿ ವರ್ಷ ಈ ಹೊತ್ತಿಗೆ ಊರನ್ನೇ ಗುಡಿಸಿ ಹೋಗುವ 'ಪೊರಕೆ' ಬಿರುಗಾಳಿ ಇವತ್ತೇ ಹೊಡೆಯಬೇಕೆ. ಕಡಲು ದಂಡೆಯ ಕಾರ್ನಿಶ್ ರಸ್ತೆಯ ಮೇಲೇ ಬಂದಿತ್ತು. ಆದರೂ ಹೊರಟೆ. "ನಾಳೆ ಹೋಗಬಾರ್ದಾ?" ಎಂದಳು ಇನ್ಶಿರಾ. ಫೋನಿಲ್ಲದೆ ಮನುಷ್ಯರು ಎಷ್ಟು ದಿನ ಇರುತ್ತಾರೆ ಎಂದೆ. "ಅದೇ ನಾನೂ ನೋಡ್ತಿದ್ದೀನಿ" ಎಂದು ನನ್ನ ಕುತ್ತಿಗೆಗೆ ಮಫ್ಲರ್ ಬಿಗಿದಳು.

ಸಫಿನಾಝ್ ಅವರು ಡಬ್ಬಿ ತೆರೆದು ಫೋನನ್ನು ತಿರುಗಿಸಿ, ಮುರುಗಿಸಿ ನೋಡಿದರು. ಕವಚದ ಬಣ್ಣ ನೋಡಿ ಕನ್ನಡಕ ಮುಟ್ಟಿಕೊಂಡರು.

"ಇದು ಎಷ್ಟು ವರ್ಷ ಕೆಡಲ್ಲ?"

"ನಾಲ್ಕೈದು ವರ್ಷ ಏನೂ ಆಗಲ್ಲ ಅಂದ ಬಾಸಿಮ್."

"ಅಂದ್ರೆ ನಾಲ್ಕೈದು ವರ್ಷ ನಾವು ಮನ್ಶಿಯಾಕ್ಕೆ ಹೋಗೋ ಹಾಗಿಲ್ಲ?"

ಇದನ್ನು ನಾನು ಯೋಚಿಸಿರಲಿಲ್ಲ. "ಹೋಗಬಹುದು... ಕೆಲಸ ಇಲ್ಲದಿದ್ರೂ ಹೋಗಬಹುದಲ್ಲ" ಎಂದೆ.

"ಕೆಲಸ ಇಲ್ದೆ ಗಂಡಸೂ ಹೆಂಗಸೂ ಟ್ರಾಮಲ್ಲಿ ಸುತ್ತಾಡ್ತಿದ್ರೆ ನೋಡಿದೋರು ಏನಂತಾರೆ?"

"ಗಂಡ ಹೆಂಡ್ತಿ ಅಂತಾರೆ" ಎಂದೆ. ಸಾಮಾನ್ಯವಾಗಿ ಟ್ರಾಮಿನಲ್ಲಿ ಹಾಗೇ ಅನ್ನುವುದು. ನನ್ನ ಅನುಭವ ಹೇಳಿದೆ, ಅಷ್ಟೆ.

ಎಡ ಹುಬ್ಬು ಮೇಲೇರಿತು. ಹಾಗೇ ಬಹಳ ಹೊತ್ತು ನಿಂತಿತು.

"ಶಫೀಕ್ ಸಾಹೇಬ್ರೇ, ನಾನು ಜೀವಮಾನ ಎಲ್ಲ ಕಸ್ಟಮ್ಸಲ್ಲಿ ಕಳೆದೋಳು. ನನ್ನ ವಿಷಯದಲ್ಲಿ ಜನ ಸುಳ್ಳು ಹೇಳೋದು ನನಗೆ ಸೇರಲ್ಲ. ಅವರು ಹಾಗೆ ಅಂದ್ರೆ, ಅದು ನಿಜ ಆಗಿರ್ಬೇಕು."

"ಸರಿಯಾದ ಮಾತು" ಎಂದೆ. ಟೀ ಮುಗಿಸಿ, ಮಫ್ಲರ್ ಸುತ್ತಿಕೊಂಡು, ಹೊರಟು ಬಂದೆ.

ಟ್ರಾಮು ಖಾಲಿ ಇತ್ತು. ಕಿಟಕಿಯ ಕಡೆಯ ಸೀಟು ಬಿಟ್ಟು ಈ ಕಡೆ ಕೂತೆ. ಈಚೆಗೆ ಹಾಗೇ ಅಭ್ಯಾಸವಾಗಿದೆ. ಸಿದಿ ಗಾಬರ್ ಸ್ಟಾಪು ಹೋಯಿತು. ಕ್ಲಿಯೋಪಾತ್ರಾ ಹೋಯಿತು. ಸ್ಪೋರ್ಟಿಂಗ್ ಸ್ಟಾಪಿನಲ್ಲಿ ಬಾಗಿಲು ತೆರೆಯುವಾಗ, ಆಕೆ ಏನೆಂದರು ಎಂಬುದು ನನಗೆ ಆಗ ಸರಿಯಾಗಿ ಕೇಳಿಸಿತು.

ಇಳಿದೆ. ಎದುರು ದಿಕ್ಕಿನ ಟ್ರಾಮು ಗಾಳಿಗೆ ನಿಂತುಹೋಗಿತ್ತು. ನಡೆದೆ. ಓಡಿದೆ ಎಂದರೂ ತಪ್ಪಿಲ್ಲ. ಮಫ್ಲರ್ ಎಲ್ಲೋ ಹಾರಿಹೋಯಿತು. ಮಳೆ ಕೆಳಗಿನಿಂದ ಮೇಲಕ್ಕೆ ಸುರಿಯುತ್ತಿತ್ತು. ಆಕೆಯ ಮನೆಯ ಮೆಟ್ಟಿಲು ಹತ್ತಿ, ಗಂಟೆ ಒತ್ತಲು ಬೆರಳು ಎತ್ತುವಷ್ಟರಲ್ಲಿ ಬಾಗಿಲು ತೆರೆಯಿತು. ಕೈಯಲ್ಲಿ ಟವೆಲ್ ಹಿಡಿದೇ ನಿಂತಿದ್ದರು.

"ನಿಜ ಆಗಿರ್ಲಿ ಅಂತ ಹೇಳೋಕೆ ಬಂದೆ" ಎಂದೆ. ಉಸಿರು ಸಿಗುತ್ತಿರಲಿಲ್ಲ, ಆದರೂ ಪೂರ್ತಿ ಹೇಳಿದೆ.

"ಎಲ್ಲಿವರೆಗೆ ಹೋಗಿದ್ರಿ?"

"ಸ್ಪೋರ್ಟಿಂಗ್."

"ಅಯ್ಯೋ" ಎಂದು ಟವೆಲನ್ನು ನನ್ನ ತಲೆಯ ಮೇಲೆ ಹಾಕಿದರು. "ನಾನು ಸಿದಿ ಗಾಬರ್‌ನಲ್ಲೇ ಇಳೀತೀರಿ ಅಂದ್ಕೊಂಡಿದ್ದೆ."